ದುಡಿದ ಗಾಡಿಯ ಜೀರ್ಣೋದ್ಧಾರ

ಪಿಕಪ್ ಎಂಬ ಮಾತು ನಮ್ಮ ಊರುಗಳಲ್ಲಿ ಕನ್ನಡವೇ ಆಗಿಬಿಟ್ಟಿದೆ. ಬೆಳಗಿನ ಜಾವ ಮಾರುಕಟ್ಟೆಗೆ ಟೊಮೆಟೊ, ಎಲೆಕೋಸು ಹೊತ್ತು ತರುವುದು ಪಿಕಪ್. ಬಾಡಿಗೆ ಮನೆ ಬದಲಿಸುವಾಗ ಬೀರು, ಮಂಚ, ಒರಳುಕಲ್ಲು, ತುಳಸಿಯ ಕುಂಡ ಎಲ್ಲವನ್ನೂ ಪೇರಿಸಿಕೊಂಡು ಹೋಗುವುದೂ ಪಿಕಪ್ಪೇ. ಮುಂದೆ ಇಬ್ಬರು ಮೂವರು ಕೂರುವಷ್ಟು ಪುಟ್ಟ ಕೋಣೆ, ಹಿಂದೆ ಆಕಾಶಕ್ಕೆ ಬಾಯ್ದೆರೆದ ತೊಟ್ಟಿ, ಇಷ್ಟೇ ಅದರ ರೂಪ. ಕೆಲಸ ಮುಗಿದ ಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ವಾಹನಗಳಲ್ಲೂ ಮೇಲು ಕೀಳು ಇದೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿ ಕೂಡಿಸಿಟ್ಟ ಹಳೆಯ ಕಾರುಗಳನ್ನು ನೋಡಿ ಬೆರಗಾಗಿರಬಹುದು. ದೊಡ್ಡವರು ಏರಿದ ಕಾರಿಗೆ ಮುಪ್ಪಿನಲ್ಲೂ ಒಂದು ನೆರಳು, ಮೈ ಒರೆಸುವ ಒಂದು ಕೈ ಸಿಗುತ್ತದೆ. ಪಟ್ಟದ ಆನೆ ಮುದಿಯಾದರೂ ಪಟ್ಟದ ಆನೆಯೇ. ಉಳುವ ಎತ್ತಿಗೆ ಮುಪ್ಪು ಬಂದರೆ ದಾರಿ ಬೇರೆ. ದುಡಿದ ಗಾಡಿಗೆ ಅದು ಗುಜರಿಯ ದಾರಿ.

ಆದರೆ ಪಿಕಪ್ಪಿನ ತವರಾದ ಅಮೆರಿಕದಲ್ಲಿ ಎಷ್ಟೋ ಮನೆಗಳ ಪಕ್ಕದ ಶೆಡ್ಡಿನಲ್ಲಿ ಒಂದು ವಿಚಿತ್ರವಾದ ಕಾಯಕ ನಡೆಯುತ್ತಿರುತ್ತದೆ. ಹೊಲದ ಮೂಲೆಯಲ್ಲಿ ಹುಲ್ಲು ಬೆಳೆದು, ಇಲಿ ಗೂಡು ಕಟ್ಟಿ, ತುಕ್ಕು ತಿಂದು ನಿಂತಿದ್ದ ಐವತ್ತು ಎಪ್ಪತ್ತು ವರ್ಷದ ಪಿಕಪ್ಪನ್ನು ಮನೆಗೆ ಎಳೆದು ತಂದು, ಸಂಜೆಗಳನ್ನೂ ಭಾನುವಾರಗಳನ್ನೂ ಅದಕ್ಕೆ ಸುರಿದು, ಮತ್ತೆ ಓಡುವಂತೆ ಮಾಡುತ್ತಾರೆ. ಕೆಲವರಿಗೆ ಎರಡು ವರ್ಷ ಹಿಡಿಯುತ್ತದೆ, ಕೆಲವರಿಗೆ ಹತ್ತು ವರ್ಷ. ಲೆಕ್ಕ ಹಾಕಿದರೆ ಅದಕ್ಕೆ ಸುರಿದ ಹಣದಲ್ಲಿ ಹೊಸದನ್ನೇ ಕೊಳ್ಳಬಹುದಿತ್ತು. ಮೊದಲು ಇದರ ಬಗ್ಗೆ ಓದಿದಾಗ ನನಗೆ ಇದು ಹೊಟ್ಟೆ ತುಂಬಿದವರ ಹವ್ಯಾಸವೆನ್ನಿಸಿತ್ತು. ಆ ಗಾಡಿ ಹುಟ್ಟಿದ ಕತೆ ತಿಳಿಯುತ್ತ ಹೋದಂತೆ, ಮನೆಯಲ್ಲಿ ಕೂತು ಅದನ್ನು ರಿಪೇರಿ ಮಾಡುವುದು ಹವ್ಯಾಸವಲ್ಲ, ಅದರ ಜಾತಕದಲ್ಲೇ ಬರೆದ ಮಾತು ಎಂದು ಅರ್ಥವಾಯಿತು.

ಏಕೆಂದರೆ ಪಿಕಪ್ಪನ್ನು ಮೊದಲು ಮಾಡಿದ್ದು ಕಾರ್ಖಾನೆಯಲ್ಲ. ಮಾಡಿದ್ದು ರೈತರು, ತಮ್ಮ ಮನೆಯಂಗಳದಲ್ಲಿ.

ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು 1908ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂತು. ಆಗ ಅದರ ಬೆಲೆ 850 ಡಾಲರ್. 1920ರ ದಶಕದ ನಡುವಿನ ಹೊತ್ತಿಗೆ ಅದೇ ಕಾರಿನ ಅಗ್ಗದ ಮಾದರಿ 300 ಡಾಲರಿಗಿಂತ ಕಡಿಮೆಗೆ ಸಿಗುತ್ತಿತ್ತು. 1927ರಲ್ಲಿ ನಿಲ್ಲಿಸುವವರೆಗೆ ಒಂದೂವರೆ ಕೋಟಿ ಕಾರುಗಳು ಹೊರಬಂದವು. 20 ಕುದುರೆ ಶಕ್ತಿಯ, ನಾಲ್ಕು ಸಿಲಿಂಡರಿನ ಸರಳ ಎಂಜಿನ್. ಪೆಟ್ರೋಲು ಪಂಪಿನಿಂದಲ್ಲ, ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನಂತೆ ತಾನಾಗಿ ಇಳಿದು ಎಂಜಿನಿಗೆ ಬರಬೇಕು. ಹಾಗಾಗಿ ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆಯಿದ್ದಾಗ ಕಡಿದಾದ ದಿಬ್ಬ ಎದುರಾದರೆ ಗಾಡಿಯನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುತ್ತಿದ್ದರು! ಸ್ಪ್ಯಾನರು, ಸ್ಕ್ರೂಡ್ರೈವರು, ಸುತ್ತಿಗೆ ಹಿಡಿಯಬಲ್ಲ ಯಾರಾದರೂ ಅದರ ಹೊಟ್ಟೆ ಬಿಚ್ಚಿ ನೋಡಬಹುದಿತ್ತು. ಬಿಡಿಭಾಗಗಳು ಹಳ್ಳಿಯ ಕಬ್ಬಿಣದ ಅಂಗಡಿಯಲ್ಲೂ ಸಿಗುತ್ತಿದ್ದವು, ಅಂಚೆಯಲ್ಲೂ ಬರುತ್ತಿದ್ದವು.

ರೈತನಿಗೆ ಕಾರು ಬೇಕಾದದ್ದು ಹವಾ ತಿನ್ನಲು ಅಲ್ಲ. ಹಾಲಿನ ಕ್ಯಾನು, ಮೊಟ್ಟೆಯ ಬುಟ್ಟಿ, ಕರು, ಹಂದಿಮರಿ, ಗೊಬ್ಬರದ ಚೀಲ ಸಾಗಬೇಕು. ಹಾಗಾಗಿ ಗರಗಸ ಹಿಡಿದು ಕಾರಿನ ಹಿಂಭಾಗವನ್ನು ಕತ್ತರಿಸಿ ತೆಗೆದು, ಅಲ್ಲಿ ಹಲಗೆಯ ಪೆಟ್ಟಿಗೆಯೊಂದನ್ನು ಬೋಲ್ಟು ಹಾಕಿ ಕೂರಿಸಿದರು. ಕಾರನ್ನು ಲಾರಿ ಮಾಡಿಕೊಳ್ಳಲು ಬೇಕಾದ ಸಾಮಾನಿನ ಕಟ್ಟನ್ನೇ ಮಾರುವ ಕಂಪನಿಗಳೂ ಹುಟ್ಟಿಕೊಂಡವು. ಇದಿಷ್ಟೇ ಅಲ್ಲ. ಹಿಂದಿನ ಚಕ್ರವನ್ನು ಜಾಕಿನ ಮೇಲೆ ಎತ್ತಿ, ಅದಕ್ಕೆ ಪಟ್ಟಾ ಸುತ್ತಿ, ಸೌದೆ ಕುಯ್ದರು, ನೀರೆತ್ತಿದರು, ಜೋಳ ಬಿಡಿಸಿದರು, ಬೆಣ್ಣೆ ಕಡೆದರು, ಬಟ್ಟೆ ಒಗೆಯುವ ಯಂತ್ರವನ್ನೂ ಓಡಿಸಿದರು. ವಿದ್ಯುತ್ತು ಇಲ್ಲದ ಹಳ್ಳಿಗಳಲ್ಲಿ ಹೆಂಗಸರ ರಟ್ಟೆಗೆ ಮೊದಲ ಬಾರಿ ಯಂತ್ರದ ಆಸರೆ ಸಿಕ್ಕಿದ್ದು ಎಷ್ಟೋ ಕಡೆ ಹೀಗೆ, ಅಂಗಳದಲ್ಲಿ ನಿಂತ ಕಾರಿನ ಹಿಂಗಾಲಿನಿಂದ.

ಅಲ್ಲಿನ ಹಳ್ಳಿಯ ಹೆಂಗಸರ ಕೈಯಲ್ಲಿ ಓಡಾಡುತ್ತಿದ್ದ ನಗದೆಂದರೆ ಮುಖ್ಯವಾಗಿ ಮೊಟ್ಟೆ, ಬೆಣ್ಣೆ ಮಾರಿದ ಹಣ. ನಮ್ಮಲ್ಲಿ ಹಾಲು, ಮೊಸರು, ಹೂವು ಮಾರಿ ಸಾಸಿವೆ ಡಬ್ಬಿಯಲ್ಲಿ ಕೂಡಿಡುವ ಹಣದ ಹಾಗೆ. ಆ ಮೊಟ್ಟೆ, ಬೆಣ್ಣೆ ಪೇಟೆಗೆ ಹೋಗಬೇಕಾದರೆ ಗಾಡಿ ಬೇಕು. ಗಂಡಸರು ಹೊಲದಲ್ಲಿರುವಾಗ ಗಾಡಿಯನ್ನು ಅವಳೇ ಓಡಿಸಬೇಕು. ದಾರಿಯಲ್ಲಿ ಕೆಟ್ಟರೆ ಅವಳೇ ಇಳಿದು ಬಾನೆಟ್ ಎತ್ತಬೇಕು. ಮೊದಮೊದಲು ಕಬ್ಬಿಣದ ಹಿಡಿಯನ್ನು ಕೈಯಿಂದ ತಿರುಗಿಸಿ ಎಂಜಿನ್ ಎಬ್ಬಿಸಬೇಕಿತ್ತು. ಅದು ಹಿಂದಕ್ಕೆ ಒದ್ದು ಮುಂಗೈ ಮುರಿದವರು ಎಷ್ಟೋ ಮಂದಿ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು, ಮಾಡೆಲ್ ಟಿ ಗಾಡಿಗೆ ಅದು ಸಿಕ್ಕಿದ್ದು 1919ರಲ್ಲಿ. ಅಷ್ಟು ವರ್ಷ ಕಾಯದೆ ಹಿಡಿ ತಿರುಗಿಸಿದ ಕೈಗಳಲ್ಲಿ ಬಳೆ ತೊಟ್ಟ ಕೈಗಳೂ ಇದ್ದವು. ಗಾಡಿಯ ಚರಿತ್ರೆ ಬರೆಯುವವರು ಕಾರ್ಖಾನೆಯ ಯಜಮಾನರ ಹೆಸರು ಬರೆಯುತ್ತಾರೆ, ಎಂಜಿನಿಯರುಗಳ ಹೆಸರು ಬರೆಯುತ್ತಾರೆ. ಮೊಟ್ಟೆಯ ಹಣದಲ್ಲಿ ಟೈರು ಹಾಕಿಸಿದವಳ ಹೆಸರು ಯಾವ ಪುಟದಲ್ಲೂ ಇರುವುದಿಲ್ಲ.

ರೈತರು ಅಂಗಳದಲ್ಲಿ ಮಾಡಿದ್ದನ್ನು ಕಾರ್ಖಾನೆ ನಿಧಾನವಾಗಿ ಕಲಿಯಿತು. 1917ರಲ್ಲಿ ಫೋರ್ಡ್ ಕಂಪನಿ ಒಂದು ಟನ್ ಹೊರುವ ಮಾಡೆಲ್ ಟಿಟಿ ಎಂಬ ಗಾಡಿಯನ್ನು 600 ಡಾಲರಿಗೆ ಮಾರತೊಡಗಿತು. ಅದು ಬರೀ ಚಾಸಿ. ಮೇಲಿನ ಮೈಯನ್ನು ಕೊಂಡವರೇ ಕಟ್ಟಿಸಿಕೊಳ್ಳಬೇಕು. 1925ರ ಏಪ್ರಿಲ್ 15ರಂದು, ಮಾಡೆಲ್ ಟಿ ಕಾರಿನ ಹಿಂದೆಯೇ ಉಕ್ಕಿನ ತೊಟ್ಟಿ ಕೂರಿಸಿದ ಗಾಡಿಯನ್ನು ಕಂಪನಿ 281 ಡಾಲರಿಗೆ ಹೊರತಂದಿತು. ತೊಟ್ಟಿಯ ಉದ್ದ 56 ಅಂಗುಲ, ಅಂದರೆ ನಮ್ಮ ಮನೆಗಳ ಚಿಕ್ಕ ಮಂಚಕ್ಕಿಂತಲೂ ಗಿಡ್ಡ. ಫೋರ್ಡ್ ಕಾರ್ಖಾನೆಯಿಂದಲೇ ಪೂರ್ತಿಯಾಗಿ ಹೊರಬಂದ ಮೊದಲ ಪಿಕಪ್ ಇದು. 1920ರಲ್ಲಿ ಅಮೆರಿಕದ ಹೊಲಮನೆಗಳಲ್ಲಿ ಸುಮಾರು 1 ಲಕ್ಷ 39 ಸಾವಿರ ಟ್ರಕ್ಕುಗಳಿದ್ದವು. 1930ರಲ್ಲಿ ಆ ಸಂಖ್ಯೆ ಸುಮಾರು 9 ಲಕ್ಷ.

ಬರೀ ಚಾಸಿ ಬಂದು, ಮೈಯನ್ನು ಇಲ್ಲಿ ಕಟ್ಟಿಸುವ ಪದ್ಧತಿ ನಮಗೇನೂ ಹೊಸದಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1928ರಲ್ಲಿ ಮುಂಬಯಿಯ ಸೆವ್ರಿಯಲ್ಲಿ ಕಾರ್ಖಾನೆ ತೆರೆದು, ಹಡಗಿನಲ್ಲಿ ಬಂದ ಭಾಗಗಳನ್ನು ಜೋಡಿಸಿ ಶೆವರ್ಲೆ ಕಾರು, ಟ್ರಕ್ಕು, ಬಸ್ಸುಗಳನ್ನು ಮಾರುತ್ತಿತ್ತು. ಫೋರ್ಡ್ ಕಂಪನಿಯೂ ನಮ್ಮ ದೇಶದಲ್ಲಿ ಹಾಗೆಯೇ ಗಾಡಿ ಜೋಡಿಸುತ್ತಿತ್ತು. ನಮ್ಮ ಅಜ್ಜಿಯರು ತವರಿಗೆ ಹೋಗಿ ಬಂದ ಮೋಟಾರು ಬಸ್ಸುಗಳ ಮೂತಿ ಎಷ್ಟೋ ಸಲ ಶೆವರ್ಲೆ ಅಥವಾ ಫೋರ್ಡು. ಹಿಂದಿನ ಮೈ ಮಾತ್ರ ನಮ್ಮ ಬಡಗಿಗಳು ಮರದಲ್ಲಿ ಕಟ್ಟಿದ್ದು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದಾದಾಗ ಅದೇ ಬಸ್ಸುಗಳ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸಿದರು. 1954ರಲ್ಲಿ ಈ ಎರಡೂ ಕಂಪನಿಗಳ ಇಲ್ಲಿನ ಕೆಲಸ ನಿಂತಿತು. ಆದರೆ ಗಾಡಿಗಳು ನಿಲ್ಲಲಿಲ್ಲ. ಕಂಪನಿ ಊರು ಬಿಟ್ಟು ಹೋದ ಮೇಲೂ ಅವನ್ನು ಓಡಿಸಿದ್ದು ನಮ್ಮ ಪೇಟೆಗಳ ಲೇತ್ ಅಂಗಡಿ, ಟಿಂಕರಿಂಗ್ ಅಂಗಡಿಗಳ ಮೇಸ್ತ್ರಿಗಳು. ಕನ್ನಡದ ಮೆಕ್ಯಾನಿಕ್ಕನೊಬ್ಬನಿಗೆ ಅಮೆರಿಕದ ರೈತನ ಅಂಗಳದ ಕತೆ ಹೇಳಿದರೆ ಅವನು ಆಶ್ಚರ್ಯಪಡುವುದಿಲ್ಲ, ‘ಮತ್ತೆ ಇನ್ನೇನು ಮಾಡ್ತಾರೆ?’ ಎಂದಾನು.

ರಿಪೇರಿ ಗೊತ್ತಿರುವುದು ಆ ಕಾಲದಲ್ಲಿ ಜಾಣತನವಲ್ಲ, ಹೊಟ್ಟೆಪಾಡು. 1930ರ ದಶಕದಲ್ಲಿ ಅಮೆರಿಕದ ನಡುನಾಡಿನಲ್ಲಿ ಬರ ಬಿದ್ದು, ಧೂಳಿನ ಬಿರುಗಾಳಿ ಎದ್ದು, ಸಾಲ ತೀರಿಸಲಾಗದೆ ಲಕ್ಷಾಂತರ ಜನ ಹೊಲ ಬಿಟ್ಟು ಕ್ಯಾಲಿಫೋರ್ನಿಯಾದ ಕಡೆ ಹೊರಟರು. ಹಳೆಯ ಕಾರು, ಕಾರಿನ ಬೆನ್ನು ಕತ್ತರಿಸಿ ಮಾಡಿದ ಟ್ರಕ್ಕು, ಅದರ ಮೇಲೆ ಹಾಸಿಗೆ, ಪಾತ್ರೆ, ಮಕ್ಕಳು, ಮುದುಕರು. ಆ ಕಾಲದ ಒಂದು ಛಾಯಾಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಗಲ್ಲಕ್ಕೆ ಕೈ ಕೊಟ್ಟು ದೂರಕ್ಕೆ ದೃಷ್ಟಿ ನೆಟ್ಟ ತಾಯಿ, ಅವಳ ಎರಡೂ ಹೆಗಲಿಗೆ ಮುಖ ಮರೆಸಿ ಒರಗಿದ ಮಕ್ಕಳು. 1936ರ ಮಾರ್ಚಿನಲ್ಲಿ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದ ಚಿತ್ರ ಅದು. ಆ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಊಟಕ್ಕಾಗಿ ಕಾರಿನ ಟೈರುಗಳನ್ನು ಮಾರಿಕೊಂಡವಳು ಎಂದು ಲ್ಯಾಂಗ್ ಅವಳ ಬಗ್ಗೆ ಬರೆದಿದ್ದಳು. ಅವಳ ಮನೆಯವರು ಹೇಳಿದ್ದು ಬೇರೆ. ಟೈರು ಮಾರಿರಲಿಲ್ಲ, ಕಾರಿನ ಟೈಮಿಂಗ್ ಚೈನ್ ತುಂಡಾಗಿ ಅಲ್ಲಿ ನಿಲ್ಲಬೇಕಾಯಿತು. ಗಂಡುಮಕ್ಕಳು ಕಾರಿನ ಭಾಗ ಹೊತ್ತು ರಿಪೇರಿಗೆಂದು ಪಟ್ಟಣಕ್ಕೆ ಹೋಗಿದ್ದರು, ಅವಳು ಚಿಕ್ಕ ಮಕ್ಕಳೊಂದಿಗೆ ಕಾಯುತ್ತಿದ್ದಳು. ರಿಪೇರಿಯಾದ ಮೇಲೆ ಅದೇ ಕಾರಿನಲ್ಲಿ ಮುಂದೆ ಹೊರಟರು. ಜಗತ್ತು ಆ ಮುಖದಲ್ಲಿ ಹತಾಶೆಯನ್ನು ಕಂಡಿತು. ನನಗೆ ಈಗ ಆ ಚಿತ್ರ ನೋಡುವಾಗಲೆಲ್ಲ ಕಾರು ರಿಪೇರಿಯಾಗಿ ಬರಲೆಂದು ಕಾದು ಕೂತ ಹೆಣ್ಣೊಬ್ಬಳು ಕಾಣಿಸುತ್ತಾಳೆ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಯುದ್ಧ ಬಂದಾಗ ರಿಪೇರಿ ಇಡೀ ದೇಶದ ಕೆಲಸವಾಯಿತು. 1942ರ ಜನವರಿಯಲ್ಲಿ ಟೈರಿಗೆ ರೇಷನ್ನು ಬಂತು. ಫೆಬ್ರವರಿಯಲ್ಲಿ ಜನರಿಗಾಗಿ ಕಾರು ತಯಾರಿಸುವುದು ನಿಂತಿತು. ಡಿಸೆಂಬರಿನಲ್ಲಿ ದೇಶದಾದ್ಯಂತ ಪೆಟ್ರೋಲಿಗೂ ರೇಷನ್ನು. ಇದ್ದ ಗಾಡಿಯನ್ನೇ ಉಳಿಸಿಕೊಳ್ಳಬೇಕು. ಅದೇ ಹೊತ್ತಿಗೆ ಉಕ್ಕು ಬೇಕೆಂದು ಊರೂರಲ್ಲಿ ಗುಜರಿ ಕೂಡಿಸಿದರು. ಎಷ್ಟೋ ಹಳೆಯ ಗಾಡಿಗಳು ಕರಗಿ ಯುದ್ಧದ ಸಾಮಾನಾದವು. ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆಯ ಮೋಟಾರು ದಳದಲ್ಲಿ ಹೆಂಗಸರು ಗಾಡಿ ಓಡಿಸುವುದರ ಜೊತೆಗೆ ರಿಪೇರಿಯನ್ನೂ ಕಲಿತರು. ಇಂಗ್ಲೆಂಡಿನಲ್ಲಿ, ಮುಂದೆ ರಾಣಿಯಾದ ಎಲಿಜಬೆತ್ 1945ರಲ್ಲಿ ಸೈನ್ಯದ ಮಹಿಳಾ ವಿಭಾಗ ಸೇರಿ ಟ್ರಕ್ಕಿನ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತಳು. ರಾಜಕುಮಾರಿಗೆ ಗ್ರೀಸು ಮೆತ್ತಿದ ಚಿತ್ರ ಪತ್ರಿಕೆಗಳಲ್ಲಿ ಬಂತು. ಹಳ್ಳಿಯ ಹೆಂಗಸಿಗೆ ಎಂದೋ ಮೆತ್ತಿದ್ದ ಗ್ರೀಸು ಸುದ್ದಿಯಾಗಿರಲಿಲ್ಲ, ಅಷ್ಟೆ.

ಯುದ್ಧ ಮುಗಿದು ಜನ ಹೊಸ ಗಾಡಿಗೆ ಹಸಿದಿದ್ದಾಗ, 1947ರ ಬೇಸಿಗೆಯಲ್ಲಿ ಶೆವರ್ಲೆ ಕಂಪನಿ ಹೊಸ ವಿನ್ಯಾಸದ ಪಿಕಪ್ಪನ್ನು ತಂದಿತು. 1948ರಲ್ಲಿ ಫೋರ್ಡ್ ಕಂಪನಿ ತನ್ನ ಎಫ್ ಸರಣಿಯನ್ನು ಶುರುಮಾಡಿತು. ಇಂದು ಮನೆಗಳ ಶೆಡ್ಡುಗಳಲ್ಲಿ ಹೆಚ್ಚಾಗಿ ಜೀರ್ಣೋದ್ಧಾರವಾಗುವ ಗಾಡಿಗಳಲ್ಲಿ ಇವೆರಡೂ ಸೇರಿವೆ. ದುಂಡು ಕೆನ್ನೆ, ಅಗಲ ಮೂಗು, ಕಪ್ಪೆಗಣ್ಣಿನ ದೀಪ. ನೋಡಿದರೆ ಮಗು ಬಿಡಿಸಿದ ಗಾಡಿಯ ಚಿತ್ರದಂತಿವೆ. ಶೆವರ್ಲೆಯ ಎಂಜಿನಿಗೆ ಆರು ಸಿಲಿಂಡರು, 90 ಕುದುರೆ ಶಕ್ತಿ. ಬಾನೆಟ್ ಎತ್ತಿದರೆ ಎಂಜಿನಿನ ಸುತ್ತ ಕೈಯಾಡಿಸಲು ಧಾರಾಳವಾಗಿ ಜಾಗ. ಬ್ಯಾಟರಿ ಈಗಿನ ಹಾಗೆ 12 ವೋಲ್ಟಿನದಲ್ಲ, 6 ವೋಲ್ಟಿನದು. ಹಿಂದಿನ ತೊಟ್ಟಿಯ ನೆಲ ಮರದ ಹಲಗೆಯದು.

ಇಂಥ ಗಾಡಿಯೊಂದು ಮನೆಗೆ ಬಂದ ಮೇಲೆ ಏನು ಮಾಡುತ್ತಾರೆ? ಬಲ್ಲವರು ಮೊದಲ ದಿನ ಏನೂ ಮಾಡುವುದಿಲ್ಲ, ನೋಡುತ್ತಾರೆ. ಯಾವ ತಂತಿ ಎಲ್ಲಿಗೆ ಹೋಗಿದೆ, ಯಾವ ಬೋಲ್ಟು ಯಾವ ದಿಕ್ಕಿಗಿದೆ ಎಂದು ಫೋಟೋ ತೆಗೆಯುತ್ತಾರೆ. ಬಿಚ್ಚಿದ ಪ್ರತಿಯೊಂದು ನಟ್ಟು, ಬೋಲ್ಟನ್ನೂ ಬಾಟಲಿಗಳಲ್ಲಿ ಹಾಕಿ ಚೀಟಿ ಅಂಟಿಸುತ್ತಾರೆ. ನಮ್ಮ ಅಡಿಗೆಮನೆಯ ಕಪಾಟಿನಲ್ಲಿ ಹಳೆಯ ಬಾಟಲಿಗಳಲ್ಲಿ ಜೀರಿಗೆ, ಮೆಂತ್ಯ, ಗಸಗಸೆ ಕೂತಿರುವ ಹಾಗೆ. ಎರಡು ವರ್ಷದ ನಂತರ ಜೋಡಿಸಲು ಕೂತಾಗ ನೆನಪು ಕೈಕೊಡುತ್ತದೆ, ಚೀಟಿ ಕೈಕೊಡುವುದಿಲ್ಲ.

ವರ್ಷಗಟ್ಟಲೆ ನಿಂತ ಎಂಜಿನಿನಲ್ಲಿ ಪಿಸ್ಟನ್ನು ಸಿಲಿಂಡರಿಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಆಗ ಸ್ಪಾರ್ಕ್ ಪ್ಲಗ್ಗು ತೆಗೆದು ಆ ತೂತಿನಿಂದ ತೆಳುವಾದ ಎಣ್ಣೆ ಸುರಿದು ಕಾಯಬೇಕು. ಒಂದು ದಿನವಲ್ಲ, ಕೆಲವೊಮ್ಮೆ ವಾರಗಟ್ಟಲೆ. ಎಣ್ಣೆ ಸಂದುಗಳಿಗೆ ಇಳಿದ ಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಆತುರಪಟ್ಟು ಒತ್ತಿದರೆ ಪಿಸ್ಟನ್ನಿನ ರಿಂಗುಗಳು ಮುರಿಯುತ್ತವೆ. ಉಪ್ಪಿನಕಾಯಿಗೆ ಮಾಗುವ ಕಾಲ ಕೊಡಬೇಕಾದ ಹಾಗೆ ಇದಕ್ಕೂ ಸಡಿಲವಾಗುವ ಕಾಲ ಕೊಡಬೇಕು.

ಚಿಕ್ಕಪುಟ್ಟ ಭಾಗಗಳ ತುಕ್ಕು ಬಿಡಿಸಲು ಅವರು ಮಾಡುವ ಉಪಾಯ ಕೇಳಿ ನನಗೆ ಖುಷಿಯಾಯಿತು. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾವನ್ನು ಪ್ಲಾಸ್ಟಿಕ್ ತೊಟ್ಟಿಯ ನೀರಿನಲ್ಲಿ ಕರಗಿಸಿ, ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತಂತಿಗೂ, ಬೇಡದ ಕಬ್ಬಿಣದ ತುಂಡೊಂದನ್ನು ಧನ ತಂತಿಗೂ ಕಟ್ಟಿ, ಒಂದಕ್ಕೊಂದು ತಾಗದಂತೆ ಇಳಿಬಿಡುತ್ತಾರೆ. ಕರೆಂಟು ಹರಿದಂತೆ ತುಕ್ಕು ಸಡಿಲವಾಗಿ ಕಪ್ಪು ಪುಡಿಯಂತೆ ಉದುರುತ್ತದೆ. ಒಳ್ಳೆಯ ಕಬ್ಬಿಣ ಒಂದಿಷ್ಟೂ ಸವೆಯುವುದಿಲ್ಲ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವ ನಮಗೆ ತಿಕ್ಕದೆಯೇ ತೊಳೆಯುವ ಈ ವಿದ್ಯೆ ಕಂಡರೆ ಹೊಟ್ಟೆಕಿಚ್ಚಾಗಬೇಕು. ಆದರೆ ಇದಕ್ಕೂ ನಿಯಮವಿದೆ. ಹೈಡ್ರೊಜನ್ ಅನಿಲ ಹೊರಡುವುದರಿಂದ ಬಯಲಲ್ಲೇ ಮಾಡಬೇಕು, ಬೆಂಕಿ ಹತ್ತಿರವಿರಬಾರದು. ಧನ ತಂತಿಗೆ ಸ್ಟೀಲಿನ ಚಮಚ, ತಟ್ಟೆ ಕಟ್ಟಬಾರದು, ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ.

ತಗಡಿನಲ್ಲಿ ತೂತು ಬಿದ್ದ ಕಡೆ ತೇಪೆಯೇ ಗತಿ. ಕೆಸರು, ನೀರು ನಿಲ್ಲುವ ಕೆಳಮೂಲೆಗಳು, ಕಾಲಿಡುವ ನೆಲ, ಮೆಟ್ಟಿಲಹಲಗೆ ಇವು ಮೊದಲು ಕೊಳೆಯುತ್ತವೆ. ಕೊಳೆತದ್ದನ್ನು ಒಳ್ಳೆಯ ತಗಡಿನವರೆಗೆ ಕತ್ತರಿಸಿ, ಅದೇ ಅಳತೆಯ ಹೊಸ ತುಂಡು ಇಟ್ಟು ಬೆಸುಗೆ ಹಾಕಬೇಕು. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಎರಡು ಮಳೆಗಾಲಕ್ಕೆ ಬಣ್ಣದಡಿಯಿಂದ ಗುಳ್ಳೆ ಏಳುತ್ತದೆ. ಹಿಂದಿನ ತೊಟ್ಟಿಯ ಹಲಗೆಗಳದು ಬುದ್ಧಿವಂತ ವಿನ್ಯಾಸ. ಎರಡು ಹಲಗೆಗಳ ಸಂದಿನ ಮೇಲೆ ಉಕ್ಕಿನ ಪಟ್ಟಿ, ಅದನ್ನು ಹಿಡಿದ ಬೋಲ್ಟು. ಯಾವ ಹಲಗೆ ಕೊಳೆತಿದೆಯೋ ಅದನ್ನಷ್ಟೇ ತೆಗೆದು ಬೇರೆ ಹಾಕಬಹುದು. ಇನ್ನು, ಆ ಕಾಲದ ಬಣ್ಣದಲ್ಲಿ ಸೀಸವಿರುತ್ತದೆ, ಬ್ರೇಕಿನ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಒಣ ಬಣ್ಣವನ್ನು ಉಜ್ಜಿ ಧೂಳೆಬ್ಬಿಸುವುದು, ಬ್ರೇಕಿನ ಧೂಳನ್ನು ಊದುವುದು ಎರಡೂ ಅಪಾಯ. ಒದ್ದೆ ಮಾಡಿಯೇ ತೆಗೆಯಬೇಕು, ಆ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬಾರದು.

ಇಷ್ಟೆಲ್ಲ ಕೈಕೆಲಸದ ಮಾತು. ನಿಜವಾದ ಕಷ್ಟ ಎದುರಾಗುವುದು ಬಣ್ಣದ ಹತ್ತಿರ. ಬಾಗಿಲನ್ನು ಉಜ್ಜುತ್ತ ಹೋದಂತೆ ಮೇಲಿನ ನೀಲಿಯಡಿ ಕೆಂಪು, ಕೆಂಪಿನಡಿ ಹಸಿರು ಕಾಣುತ್ತದೆ. ಹಸಿರಿನ ಮೇಲೆ ಮಸುಕಾಗಿ ಅಕ್ಷರಗಳು. ಯಾವುದೋ ಹಾಲಿನ ಡೈರಿಯ, ಹೊಲಮನೆಯ ಹೆಸರು, ಊರು. ತೊಟ್ಟಿಯ ಅಂಚಿನಲ್ಲಿ ಹಗ್ಗ ಉಜ್ಜಿ ಬಿದ್ದ ಗೆರೆ. ಬಾಗಿಲ ಮೇಲಂಚಿನಲ್ಲಿ, ಓಡಿಸುವವರು ಮೊಣಕೈ ಊರಿ ಊರಿ ಬಣ್ಣ ಹೋದ ಜಾಗ. ಈಗ ಹೇಳಿ, ಗಾಡಿಯನ್ನು ಯಾವ ದಿನಕ್ಕೆ ಮರಳಿಸಬೇಕು? ಕಾರ್ಖಾನೆಯಿಂದ ಹೊರಬಂದ ದಿನಕ್ಕೋ, ದುಡಿದ ದಿನಕ್ಕೋ? ಎಲ್ಲವನ್ನೂ ಕೆರೆದು ಹೊಳೆಯುವ ಬಣ್ಣ ಹಚ್ಚಿದರೆ ಗಾಡಿ ಮದುವಣಗಿತ್ತಿಯಂತಾಗುತ್ತದೆ ನಿಜ. ಆದರೆ ಆ ಡೈರಿಯ ಹೆಸರು, ಆ ಮೊಣಕೈ ಎರಡೂ ಅಳಿಸಿಹೋಗುತ್ತವೆ.

ಈ ಪ್ರಶ್ನೆ ನಮಗೆ ಹೊಸದಲ್ಲ. ಹಳೆಯ ದೇವಸ್ಥಾನಗಳ ಜೀರ್ಣೋದ್ಧಾರದಲ್ಲಿ ಇದನ್ನೇ ನೋಡುತ್ತಿದ್ದೇವೆ. ಶಾಸನದ ಕಲ್ಲಿನ ಮೇಲೆ ಸುಣ್ಣ, ಕೆತ್ತನೆಯ ಕಂಬಕ್ಕೆ ಆಯಿಲ್ ಪೇಂಟು, ಸವೆದ ಹಾಸುಗಲ್ಲಿನ ಜಾಗದಲ್ಲಿ ಜಾರುವ ಗ್ರಾನೈಟು. ಭಕ್ತಿಯಿಂದ ಮಾಡಿದ್ದೇ, ಸಂದೇಹವಿಲ್ಲ. ಆದರೂ ಏನೋ ಹೋಯಿತು ಅನ್ನಿಸುತ್ತದೆ. ನಮ್ಮ ಮನೆಗಳ ಹಿತ್ತಾಳೆ ಪಾತ್ರೆಗಳ ಮೇಲೆ ಅಜ್ಜಿಯ ಹೆಸರು, ಕೊಟ್ಟವರ ಹೆಸರು ಚುಕ್ಕೆಚುಕ್ಕೆಯಾಗಿ ಕೆತ್ತಿರುತ್ತದಲ್ಲ, ಪಾಲಿಶಿನವನು ಜೋರಾಗಿ ಉಜ್ಜಿದರೆ ಪಾತ್ರೆ ಥಳಥಳಿಸುತ್ತದೆ, ಹೆಸರು ಮಾಯವಾಗುತ್ತದೆ. ಹಳೆಯ ಕಟ್ಟಡಗಳನ್ನು ಹೇಗೆ ಉಳಿಸಬೇಕೆಂದು ಹಲವು ದೇಶಗಳ ತಜ್ಞರು 1964ರಲ್ಲಿ ಇಟಲಿಯ ವೆನಿಸ್ಸಿನಲ್ಲಿ ಸೇರಿ ಸೂತ್ರಗಳನ್ನು ಮಾಡಿದರು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವೊಂದು ಅದನ್ನೇ ಮೇಲ್ಪಂಕ್ತಿಯಾಗಿಟ್ಟುಕೊಂಡು 2012ರಲ್ಲಿ ವಾಹನಗಳಿಗೂ ಒಂದು ಸನ್ನದು ಬರೆಯಿತು. ಅದಕ್ಕೆ ಟ್ಯೂರಿನ್ ಸನ್ನದು ಎಂದು ಹೆಸರು. ಅದರ ತಿರುಳು ಸರಳ. ಸಾಧ್ಯವಾದಷ್ಟೂ ಇದ್ದದ್ದನ್ನು ಉಳಿಸಿ, ಬದಲಾಯಿಸಲೇಬೇಕಾದದ್ದನ್ನು ಮಾತ್ರ ಬದಲಾಯಿಸಿ, ಏನು ಬದಲಾಯಿಸಿದಿರೆಂದು ಬರೆದಿಡಿ. ಗುಡಿಗೆ ಹೇಳಿದ ಮಾತನ್ನು ಗಾಡಿಗೂ ಹೇಳಬೇಕಾಯಿತೆಂದರೆ, ದುಡಿದ ವಸ್ತುವಿಗೂ ಮರ್ಯಾದೆ ಬಂದಂತಾಯಿತು.

ಎಲ್ಲವನ್ನೂ ಹಾಗೆಯೇ ಇಡಲು ಆಗುವುದಿಲ್ಲ ಎನ್ನುವುದೂ ನಿಜ. ಬ್ರೇಕಿನ ವಿಷಯದಲ್ಲಿ ಭಾವುಕತೆ ಸಲ್ಲದು. ಬಟ್ಟೆ ಸುತ್ತಿದ ಹಳೆಯ ತಂತಿ ಬಿರಿದಿದ್ದರೆ ಬೆಂಕಿ ಹತ್ತುತ್ತದೆ, ಬದಲಾಯಿಸಲೇಬೇಕು. ಹಲವರು 6 ವೋಲ್ಟನ್ನು 12 ಮಾಡಿಕೊಳ್ಳುತ್ತಾರೆ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಹಾಕಿಸುತ್ತಾರೆ. ಶುದ್ಧಿವಾದಿಗಳು ಮೂಗು ಮುರಿಯುತ್ತಾರೆ. ನನಗೇನೋ ಇದರಲ್ಲಿ ತಪ್ಪು ಕಾಣುವುದಿಲ್ಲ. ಕಾರನ್ನೇ ಕತ್ತರಿಸಿ ಹುಟ್ಟಿದ ಗಾಡಿ ಇದು. ಬೇಕಾದಂತೆ ಬದಲಾಯಿಸಿಕೊಳ್ಳುವುದೇ ಅದರ ಸಂಪ್ರದಾಯ. ಹಾಗಿದ್ದ ಮೇಲೆ ಹಳೆಯದನ್ನು ಉಳಿಸುವುದೆಂದರೆ ಬಣ್ಣವನ್ನು ಉಳಿಸುವುದಷ್ಟೇ ಅಲ್ಲ, ಬಿಚ್ಚಿ ಜೋಡಿಸುವ ಆ ಧೈರ್ಯವನ್ನು ಉಳಿಸುವುದು.

ಆ ಧೈರ್ಯಕ್ಕೇ ಈಗ ಕುತ್ತು ಬಂದಿದೆ. ಇಂದಿನ ಗಾಡಿಯ ಬಾನೆಟ್ ಎತ್ತಿದರೆ ಕಾಣುವುದು ಒಂದು ದೊಡ್ಡ ಮುಚ್ಚಳ. ಕೆಟ್ಟರೆ ಒಳಗಿನ ಕಂಪ್ಯೂಟರನ್ನು ಕೇಳಬೇಕು, ಅದರ ಭಾಷೆ ಕಂಪನಿಗೆ ಮಾತ್ರ ಗೊತ್ತು. ನಮ್ಮ ಮಿಕ್ಸಿ, ಫ್ರಿಜ್ಜು, ಮೊಬೈಲುಗಳದೂ ಇದೇ ಹಾಡು. ‘ರಿಪೇರಿ ಆಗಲ್ಲ ಮೇಡಂ, ಹೊಸದು ತಗೊಳ್ಳಿ’ ಎಂಬ ಮಾತನ್ನು ಕೇಳದ ಗೃಹಿಣಿ ಯಾರಿದ್ದಾರೆ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ, ರಿಪೇರಿಗೆ ಬೇಕಾದ ಮಾಹಿತಿಯನ್ನು ವಾಹನ ಕಂಪನಿಗಳು ಮಾಲೀಕರಿಗೂ ಹೊರಗಿನ ಗ್ಯಾರೇಜಿನವರಿಗೂ ಕೊಡಬೇಕೆಂಬ ಕಾನೂನಿಗೆ ಒಪ್ಪಿಗೆ ಕೊಟ್ಟರು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು. ಹಕ್ಕು ಎಂಬ ಮಾತು ಇಲ್ಲಿ ದೊಡ್ಡದೆನಿಸಬಹುದು. ಆದರೆ ಯೋಚಿಸಿ. ನಾವು ದುಡ್ಡು ಕೊಟ್ಟು ತಂದ ವಸ್ತುವನ್ನು ಬಿಚ್ಚಿ ನೋಡುವ ಹಾಗಿಲ್ಲವೆಂದರೆ ಅದು ನಮ್ಮದು ಹೇಗಾಯಿತು? ತೊಟ್ಟಿಲಿನಿಂದ ಗಾಣದವರೆಗೆ ಎಲ್ಲವನ್ನೂ ಊರೊಳಗೇ ರಿಪೇರಿ ಮಾಡಿಕೊಂಡ ಜನ ನಾವು.

ಹಳೆಯ ಪಿಕಪ್ಪಿನ ಮುಂದೆ ಮಂಡಿಯೂರಿ ಕೂತ ತಂದೆಯ ಪಕ್ಕದಲ್ಲಿ ಸ್ಪ್ಯಾನರು ಹಿಡಿದು ನಿಂತ ಮಗ ಎಂಬುದು ಅಮೆರಿಕದವರಿಗೆ ಬಹಳ ಪ್ರಿಯವಾದ ಚಿತ್ರ. ಆ ಜಾಗದಲ್ಲಿ ಮಗಳನ್ನು ನಿಲ್ಲಿಸುವ ಮನೆಗಳೂ ಇಂದು ಇವೆ ಎನ್ನುವುದು ಸಂತೋಷ. ಅದು ಹೊಸ ಸುಧಾರಣೆಯೇನಲ್ಲ. ಹಿಡಿ ತಿರುಗಿಸಿ ಎಂಜಿನ್ ಎಬ್ಬಿಸಿ ಮೊಟ್ಟೆ ಮಾರಲು ಹೋದವಳ ಮರಿಮಗಳು ತನ್ನ ಜಾಗಕ್ಕೆ ಮರಳಿದಳು, ಅಷ್ಟೆ. ನಮ್ಮಲ್ಲಿ ಹುಡುಗಿಯರು ಸ್ಕೂಟರು ಓಡಿಸುತ್ತಾರೆ, ಕಾರು ಓಡಿಸುತ್ತಾರೆ. ಪಂಕ್ಚರಾದರೆ ಮಾತ್ರ ದಾರಿಯಲ್ಲಿ ನಿಂತು ಅಣ್ಣನಿಗೆ ಫೋನು ಮಾಡುತ್ತಾರೆ. ಸ್ಟೆಪ್ನಿ ಬದಲಿಸುವುದನ್ನು ಅವರಿಗೆ ಕಲಿಸಲು ಅಮೆರಿಕದ ಶೆಡ್ಡು ಬೇಕಿಲ್ಲ. ಒಂದು ಜಾಕು, ಒಂದು ಸ್ಪ್ಯಾನರು, ಒಂದು ಭಾನುವಾರದ ಬೆಳಗು ಸಾಕು.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುತ್ತಾರಲ್ಲ, ಹರಿದ ಸೀರೆ, ಅಂಗಿ, ಮಗುವಿನ ಕುಲಾವಿಯ ಚೂರುಗಳನ್ನೆಲ್ಲ ಸೇರಿಸಿ. ಸವೆದ ಕಡೆ ಹೊಸ ತುಂಡು ಬೀಳುತ್ತ ಹೋಗುತ್ತದೆ. ಇಪ್ಪತ್ತು ವರ್ಷದಲ್ಲಿ ಅರ್ಧ ಕೌದಿ ಬದಲಾಗಿರುತ್ತದೆ. ಆದರೂ ಅದು ಅಮ್ಮನ ಕೌದಿಯೇ. ಯಾವ ತುಂಡು ಯಾರ ಸೀರೆಯದೆಂದು ಹೇಳುವವರು ಮನೆಯಲ್ಲಿ ಇರುವವರೆಗೆ, ಸೂಜಿ ಹಿಡಿಯಬಲ್ಲ ಕೈಯೊಂದು ಉಳಿದಿರುವವರೆಗೆ ಅದು ಹಳೆಯದಾಗುವುದಿಲ್ಲ. ಹಲಗೆಯೊಂದು ಹೊಸದು, ಬಾಗಿಲ ಮೇಲಿನ ಹೆಸರು ಹಳೆಯದು ಆಗಿರುವ ಪಿಕಪ್ಪಿನ ಬಗ್ಗೆಯೂ ಇದೇ ಮಾತು ಹೇಳಬಹುದು.